ಸುಂದರ ಎಂದು ನಾನು ಬರೆಯುವುದಿಲ್ಲ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದಕ್ಕೆ ತಳ್ಳಿಕೊಂಡು ಬಂದೆ. ಅಪ್ಪ ಇರುವವರೆಗೆ ಬೇಡ ಎಂದೆ. ಅಪ್ಪ ಹೋದ ಮೇಲೆ ಮಕ್ಕಳ ಮದುವೆ ಮುಗಿಯಲಿ ಎಂದೆ. ಅದೂ ಮುಗಿದ ಮೇಲೆ, ಈ ವಯಸ್ಸಿನಲ್ಲಿ ಯಾಕೆ ಕೆದಕುವುದು ಎಂದೆ. ಈಗ ನನಗೆ ಎಪ್ಪತ್ತಮೂರು. ಯಾರಿಗೆ ಹೇಳಬೇಕಿತ್ತೋ ಅವರು ಮಣ್ಣಿಗೆ ಹೋಗಿ ವರ್ಷ ದಾಟಿತು. ಹಾಗಾಗಿ ಇದು ಕ್ಷಮೆ ಕೇಳುವ ಬರಹ ಅಲ್ಲ, ಆ ಹೊತ್ತು ಮೀರಿತು. ಓದಿದವರು ‘ಪಾಪ ಮುದುಕ’ ಅನ್ನಲಿ ಎಂದೂ ಬರೆಯುತ್ತಿಲ್ಲ. ಹಾಗೆ ಅನ್ನುವ ಮನಸ್ಸಿರುವವರು ಓದುವುದನ್ನು ಇಲ್ಲಿಗೇ ಬಿಟ್ಟರೆ ಒಳ್ಳೆಯದು. ಹರಿಹರದ ಒಂದು ಮನೆಯ ಗೋಡೆಯ ಮೇಲೆ ಸತ್ತವರ ಯಾವ ಮುಖ ಇರಬೇಕು, ಚೆಂದದ್ದೋ ನಿಜದ್ದೋ ಎಂಬ ಜಗಳ ಇದು. ಆ ಜಗಳ ತೆಗೆದವನು ನಾನು. ತೆಗೆದದ್ದಕ್ಕೆ ನನಗೆ ಬೇಸರವಿಲ್ಲ. ಐವತ್ತು ವರ್ಷ ತಡವಾಗಿ ತೆಗೆದದ್ದಕ್ಕೆ ಇದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಈಗ ದಿನಾ ಬೆಳಿಗ್ಗೆ ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯಲ್ಲಿರುವ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಅಂಗಡಿ ನನ್ನ ತಮ್ಮನ ಮಗಳದು. ಹುಟ್ಟುಹಬ್ಬದ ಬ್ಯಾನರು, ಮದುವೆ ಬ್ಯಾನರು, ಶ್ರದ್ಧಾಂಜಲಿ ಬ್ಯಾನರು ಅವಳ ಕಸುಬು. ಎರಡು ಮೂರು ವರ್ಷಗಳಿಂದ ಇನ್ನೊಂದು ಬಗೆಯ ಗಿರಾಕಿಗಳು ಬರುತ್ತಿದ್ದಾರೆ. ಇವರ ಮನೆಯ ಹಿರಿಯರು ಒಂದೇ ಒಂದು ಫೋಟೋ ತೆಗೆಸಿಕೊಳ್ಳದೆ ಸತ್ತಿರುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹೆಸರಲ್ಲಿ ಎಡೆ ಇಡಬೇಕು, ಹೊಸ ಬಟ್ಟೆ ಇಡಬೇಕು, ಆದರೆ ಯಾರ ಮುಂದೆ ಇಡುವುದು? ಬರೀ ಕಳಸದ ಮುಂದೆ ಇಟ್ಟರೆ ಈಗಿನವರಿಗೆ ಸಮಾಧಾನವಿಲ್ಲ. ಅಂಥವರಿಗೆ ಕಂಪ್ಯೂಟರಿನ ಎಐ ಚಿತ್ರ ಬರೆದುಕೊಡುತ್ತದೆ. ಅದಕ್ಕೆ ಕುಂಚ ಬೇಡ, ಪದ ಬೇಕು. ಪದ ಹುಡುಕುವವನು ನಾನು. ತಮ್ಮನ ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡುತ್ತಾಳೆ. ಅವಳು ಅದಕ್ಕೆ ಪ್ರಾಂಪ್ಟ್ ಅನ್ನುತ್ತಾಳೆ, ನಾನು ವಿವರ ಅನ್ನುತ್ತೇನೆ.

ಮೊದಮೊದಲು ಅವಳೇ ಬರೆಯುತ್ತಿದ್ದಳು. ‘ಸುಂದರವಾದ ಮುದುಕಿ, ದೈವಭಕ್ತೆ, ನಗುಮುಖ’ ಎಂದು ಬರೆದರೆ ಒಡವೆ ಅಂಗಡಿಯ ಜಾಹೀರಾತಿನಿಂದ ಎದ್ದು ಬಂದ ಹೆಂಗಸೊಬ್ಬಳು ಕೂತಿರುತ್ತಿದ್ದಳು, ತಲೆಗೂದಲು ಮಾತ್ರ ಬೆಳ್ಳಗೆ. ಯಾರ ಅಜ್ಜಿ ಕೇಳಿದರೂ ಅದೇ ಅಜ್ಜಿ. ಒಂದು ದಿನ ಸುಮ್ಮನೆ ಕೂತಿದ್ದವನು ತಡೆಯಲಾರದೆ ಹೇಳಿದೆ:

“ಗುಣ ಬರೀಬ್ಯಾಡವ್ವ. ಕಾಣೋದು ಬರಿ.”

“ಅಂದ್ರ ಹೆಂಗ್ ದೊಡ್ಡಪ್ಪ?”

“ಕೆಳತುಟಿ ಎಲೆಯಡಿಕೆ ತಿಂದು ಕೆಂಪಗೆ ಐತೆ ಅಂತ ಬರಿ. ನಗೋವಾಗ ಬಾಯಿಗೆ ಸೆರಗು ಅಡ್ಡ ಹಿಡ್ಕಂತಾಳೆ ಅಂತ ಬರಿ. ಭಕ್ತೆ ಅನ್ನೋದು ಆ ಮಷೀನಿಗೆ ಹೆಂಗೆ ಗೊತ್ತಾಗ್ಬೇಕು?”

ಬರೆದಳು. ಪರದೆಯ ಮೇಲೆ ನಿಜವಾದ ಒಬ್ಬ ಮುದುಕಿ ಬಂದಳು. ಅಂದಿನಿಂದ ಕೆಲಸ ನನಗೆ ಅಂಟಿತು.

ಉದ್ದನೆಯ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಒಬ್ಬರಿಗೆ ಒಂದು ಪುಟ. ಪುಟದ ತಲೆಯಲ್ಲಿ ಹೆಸರು ಬರೆಯುವುದಿಲ್ಲ, ಕೇಳಲು ಬಂದವರಿಗೆ ಅವರು ಏನಾಗಬೇಕು ಎಂದು ಬರೆಯುತ್ತೇನೆ: ತಂದೆ, ಅತ್ತೆ, ಸಾಕಿದ ಚಿಕ್ಕಮ್ಮ. ಕೆಳಗೆ ಪದಗಳು. ಹೊಡೆದುಹಾಕಿದ ಪದಗಳೇ ಹೆಚ್ಚು. ಕಲಿಯುತ್ತಾ ಕೆಲವು ಸಂಗತಿ ತಿಳಿದವು. ಎಐಗೆ ‘ಇಲ್ಲ’ ಎಂದರೆ ತಿಳಿಯದು. ‘ಕೊರಳಲ್ಲಿ ಒಡವೆ ಇಲ್ಲ’ ಎಂದು ಬರೆದರೆ ಎರಡೆಳೆ ಸರ ಹಾಕಿ ಕೂರಿಸುತ್ತದೆ. ‘ಕೊರಳಲ್ಲಿ ಕರಿದಾರ’ ಎಂದು ಬರೆಯಬೇಕು. ಪದ ಹೆಚ್ಚಾದರೂ ಕೆಡುತ್ತದೆ, ಪಲ್ಯಕ್ಕೆ ನಾಲ್ಕು ಜನ ಉಪ್ಪು ಹಾಕಿದ ಹಾಗೆ. ಮುಖ್ಯವಾದದ್ದು ಮೊದಲು ಬರಬೇಕು. ಇವುಗಳ ಮೇಲೆ ನನ್ನದೊಂದು ಹಟವಿದೆ. ‘ಸುಂದರ’ ಎಂಬ ಪದವನ್ನು ನಾನು ಬರೆಯುವುದಿಲ್ಲ. ಗಿರಾಕಿ ಕೇಳಿದರೂ ಬರೆಯುವುದಿಲ್ಲ.

ಇದಕ್ಕೆ ಜಗಳಗಳಾಗಿವೆ. ಸರಸ್ವತಿ ನಗರದ ಒಬ್ಬರು ತಮ್ಮ ತಂದೆಯ ಚಿತ್ರ ಬೇಕೆಂದು ಬಂದರು.

“ಮುಖದಾಗೆ ಕಳೆ ಇರ್ಬೇಕ್ರಿ,” ಅಂದರು.

“ಆತು. ಮೂಗು ಹೆಂಗಿತ್ರಿ?”

“ಮೂಗು... ಇತ್ತು ಬಿಡ್ರಿ.”

ತಮ್ಮನ ಮಗಳು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದಳು.

“ಮೀಸೆ?”

“ದಪ್ಪಗೆ ಹಾಕ್ರಿ. ಊರಗೌಡ್ರ ಥರ.”

“ಇತ್ತೇನು?”

“ಇರ್ಲಿಲ್ಲ. ಇದ್ದಿದ್ರೆ ಚೆಂದ ಒಪ್ಪತಿತ್ತು.”

“ಹಂಗಾದ್ರೆ ನಿಮ್ಮಪ್ಪಾರು ಯಾಕ್ರಿ? ಗೌಡ್ರ ಫೋಟೋನೇ ಹಾಕ್ಕಳ್ರಿ, ನಮ್ಗೂ ಕೆಲಸ ಉಳೀತೈತೆ.”

“ಅಜ್ಜಾರೆ, ಗಿರಾಕಿ ನಾನ್ರಿ!”

“ಗಿರಾಕಿ ನೀವು. ಮುಖ ನಿಮ್ದಲ್ಲ.”

ಅವರು ಎದ್ದು ಬಾಗಿಲವರೆಗೆ ಹೋದರು. ತಮ್ಮನ ಮಗಳು ನನ್ನನ್ನು ಕಣ್ಣಲ್ಲೇ ಬೈದು, ಅವರಿಗೆ ಚಹಾ ತರಿಸಿದಳು. ಚಹಾ ಕುಡಿಯುತ್ತಾ ಆ ಮನುಷ್ಯ ತನ್ನಷ್ಟಕ್ಕೆ ಹೇಳತೊಡಗಿದರು. ಅಪ್ಪ ಇದೇ ಮಂಡಿಪೇಟೆಯಲ್ಲಿ ಚೀಲ ಹೊತ್ತವರು. ಬಲಹೆಗಲು ಎಡಹೆಗಲಿಗಿಂತ ನಾಲ್ಕು ಬೆರಳು ಕೆಳಗೆ. ಚೀಲ ಹೊತ್ತು ಹೊತ್ತು ಕತ್ತು ಮುಂದಕ್ಕೆ ಬಾಗಿ, ಎದುರು ಬಂದವರನ್ನು ಹುಬ್ಬಿನ ಕೆಳಗಿಂದ ನೋಡುತ್ತಿದ್ದರಂತೆ. ಅಷ್ಟೇ ಬರೆದೆವು. ಚಿತ್ರ ಪರದೆಯ ಮೇಲೆ ಬಂದಾಗ ಆ ಮನುಷ್ಯ ಎದ್ದು ನಿಂತು, ಕಾಲಲ್ಲಿದ್ದ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದರು.

ಇಂಥವು ಒಂದೆರಡು ನಡೆದ ಮೇಲೆ ಓಣಿಯಲ್ಲಿ ನನಗೆ ಹೆಸರು ಬಂತು. ಆ ಅಜ್ಜ ಸುಳ್ಳು ಬರೆಸೋದಿಲ್ಲ ಎಂಬ ಹೆಸರು. ಅದನ್ನು ಕೇಳಿದಾಗಲೆಲ್ಲ ನಾನು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಯಾಕೆಂದರೆ ಮೂವತ್ತೆಂಟು ವರ್ಷ ನಾನು ಅನ್ನ ತಿಂದದ್ದು ಮುಖಗಳ ನಿಜ ಅಳಿಸುವ ಕೆಲಸದಲ್ಲಿ.

ಅದಕ್ಕೆ ಟಚಿಂಗ್ ಅನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ, ನಮ್ಮೂರು ನಂದಿಗುಡಿಯಿಂದ ದಾವಣಗೆರೆಗೆ ಬಂದು ಒಂದು ಫೋಟೋ ಸ್ಟುಡಿಯೋದಲ್ಲಿ ಸೇರಿಕೊಂಡೆ. ಕಪ್ಪುಬಿಳುಪಿನ ಕಾಲ. ಓರೆಯಾದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಹಾಯಿಸಿ, ಸೂಜಿಯ ಹಾಗೆ ಮೊನೆ ಮಾಡಿದ ಪೆನ್ಸಿಲಿನಿಂದ ಮುಖದ ಕಲೆ, ಗುಳಿ, ಸುಕ್ಕು ಎಲ್ಲ ಮುಚ್ಚುವುದು. ನೆಗೆಟಿವ್ ಮೇಲೆ ಮುಟ್ಟಿದ ಕಪ್ಪು ಪ್ರಿಂಟಿನಲ್ಲಿ ಬಿಳುಪಾಗುತ್ತದೆ. ನೆಗೆಟಿವಿನಲ್ಲಿ ಆಗದ್ದನ್ನು ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ತೀಡುತ್ತಿದ್ದೆವು. ಒಂದೇ ವರ್ಷದಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ, ಮಾಲೀಕರು ಮದುವೆ ಗಂಡುಹೆಣ್ಣಿನ ಫೋಟೋಗಳನ್ನೆಲ್ಲ ನನಗೇ ಕೊಡುತ್ತಿದ್ದರು. ಹತ್ತೊಂಬತ್ತು ವರ್ಷಕ್ಕೆ ನನಗೆ ಸೊಕ್ಕು ಬಂದಿತ್ತು.

ನಮ್ಮ ಮನೆಯಲ್ಲಿ ಅಕ್ಕ, ನಾನು, ತಮ್ಮ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಸಣ್ಣವಳಿದ್ದಾಗ ಅವಳಿಗೆ ಅಮ್ಮ ಬಂದಿತ್ತು, ಸಿಡುಬು. ಬದುಕಿದಳು. ಮುಖದ ತುಂಬ ಗುಳಿ ಉಳಿದವು, ಎಡಗಣ್ಣಿನಲ್ಲಿ ಹೂ ಬಿದ್ದಿತು. ಕರಿಗುಡ್ಡೆಯ ಮೇಲೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಒಂದು ಬಿಳಿ ಚುಕ್ಕೆ. ಆ ಕಣ್ಣು ಕಾಣುತ್ತಿರಲಿಲ್ಲ. ಅದಕ್ಕೆ ಅವಳು ಯಾರ ಜೊತೆ ಮಾತಾಡುವಾಗಲೂ ಮುಖವನ್ನು ಚೂರು ಎಡಕ್ಕೆ ತಿರುಗಿಸಿ, ಬಲಗಣ್ಣನ್ನು ಮುಂದೆ ತಂದು ನೋಡುತ್ತಿದ್ದಳು. ಹೊಸಬರಿಗೆ, ಈಕೆ ಏನೋ ಗುಟ್ಟು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು.

ಅಕ್ಕನಿಗೆ ಒಂದು ಗಂಡು ಬಂತು. ಆಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಣ್ಣು ನೋಡಲು ಗಂಡು ಬರುತ್ತಿರಲಿಲ್ಲ, ಹಿರಿಯರು ಬರುತ್ತಿದ್ದರು. ಹುಡುಗನ ಸೋದರಮಾವ ಬಂದು ನೋಡಿದರು. ಗುಳಿ ಕಂಡವು. “ಅಮ್ಮ ಬಂದು ಹೋಗೈತೆ, ಅಷ್ಟೇ ಅಲ್ಲೇನು,” ಎಂದರು, ದೊಡ್ಡ ಮನಸ್ಸಿನವರು. ತಲೆ ಬಗ್ಗಿಸಿ ಕೂತ ಹುಡುಗಿಯ ಕಣ್ಣು ಅವರಿಗೆ ಕಾಣಲಿಲ್ಲ. ಹುಡುಗ ಪರ ಊರಿನಲ್ಲಿ ನೌಕರಿಯಲ್ಲಿದ್ದ. ಅವನಿಗೆ ಕಳಿಸಲು ಒಂದು ಫೋಟೋ ಕೇಳಿದರು.

ಅಪ್ಪ ಅಕ್ಕನನ್ನು ನಮ್ಮ ಸ್ಟುಡಿಯೋಗೆ ಕರೆತಂದ. ಕ್ಯಾಮೆರಾ ಮುಂದೆ ಕೂರುವಾಗ ಅವಳು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದ ಮಾತು ಇದು:

“ಇದ್ದಂಗೇ ಇರ್ಲಪ್ಪ. ಕಣ್ಣು ಕಂಡು ಒಪ್ಪಿದ್ರೆ ಒಪ್ಲಿ, ಬಿಟ್ರೆ ಬಿಡ್ಲಿ. ಆಮ್ಯಾಲೆ ಮುಚ್ಚಿಡಾಕೆ ಆಗ್ತೈತಾ?”

ಸ್ಪಷ್ಟವಾಗಿ ಹೇಳಿದಳು. ನಾನು ಹೂಂ ಅಂದೆ. ಮರುದಿನ ನೆಗೆಟಿವ್ ಗಾಜಿನ ಮೇಲಿಟ್ಟು ಗುಳಿಗಳನ್ನೆಲ್ಲ ಮುಚ್ಚಿದೆ. ಪ್ರಿಂಟಿನ ಮೇಲೆ ಎಡಗಣ್ಣಿಗೆ ಕಪ್ಪು ತೀಡಿ, ಬಲಗಣ್ಣಿನಲ್ಲಿದ್ದ ಹಾಗೇ ಬೆಳಕಿನ ಒಂದು ಚುಕ್ಕೆಯನ್ನೂ ಬಿಟ್ಟೆ. ಅಕ್ಕನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಬೆಳಕಿನ ಚುಕ್ಕೆ ಪ್ರೀತಿಗೆ ಇಟ್ಟದ್ದಲ್ಲ, ಸೊಕ್ಕಿಗೆ ಇಟ್ಟದ್ದು. ಫೋಟೋವನ್ನು ಕವರಿಗೆ ಹಾಕಿ, ಅಂಟು ಹಚ್ಚಿ ಅಪ್ಪನ ಕೈಗೆ ಕೊಟ್ಟೆ. ಅಕ್ಕ ಅದನ್ನು ನೋಡಲೇ ಇಲ್ಲ.

ಮದುವೆಯಾದ ಎಂಟನೆಯ ದಿನ ಗಂಡಿನ ಕಡೆಯವರು ಅವಳನ್ನು ಕರೆದುಕೊಂಡು ಬಂದರು. ನಮ್ಮ ಜಗಲಿಯ ಮೇಲೆ ಹಿರಿಯರು ಕೂತರು. ಸೋದರಮಾವ ಫೋಟೋ ತೆಗೆದು ಕಂಬಳಿಯ ಮೇಲಿಟ್ಟು, “ಇದು ಯಾರ ಕಣ್ಣು?” ಎಂದು ಕೇಳಿದರು. ಗದರಲಿಲ್ಲ, ಕೇಳಿದರು ಅಷ್ಟೆ. ಅಕ್ಕ ಬಾಗಿಲ ಪಕ್ಕದಿಂದ ಕತ್ತು ಚಾಚಿ ಆ ಫೋಟೋವನ್ನು ಮೊದಲ ಸಲ ನೋಡಿದಳು. ಸೋದರಮಾವ ಇನ್ನೊಂದು ಮಾತು ಹೇಳಿದರು. ಅದನ್ನು ನಾನು ಇಂದಿಗೂ ಅಕ್ಷರ ಬಿಡದೆ ಹೇಳಬಲ್ಲೆ: “ಸ್ಟುಡಿಯೋದವ್ರು ತಾವಾಗೇ ಮಾಡಿದ್ರೆ ಅದು ಬ್ಯಾರೆ ಮಾತು. ಹುಡುಗಿ ಹೇಳಿ ಮಾಡ್ಸಿದ್ರೆ ಮೋಸ. ಕಣ್ಣಿಲ್ಲದ್ದಕ್ಕೆ ನಾವು ಬಿಡಲ್ಲ, ಮೋಸಕ್ಕೆ ಬಿಡ್ತೀವಿ.”

ಅಪ್ಪ ನನ್ನ ಕಡೆ ತಿರುಗಿದ. ಎಲ್ಲರೂ ತಿರುಗಿದರು.

ನಾನು ಹೇಳಿದೆ: “ಅಕ್ಕನೇ ಮಾಡು ಅಂದ್ಲು. ಅತ್ತು ಮಾಡಿಸ್ಕಂಡ್ಲು.”

ಯಾಕೆ ಹೇಳಿದೆ? ಅಪ್ಪನ ಏಟಿಗೆ ಹೆದರಿದೆ, ಕೆಲಸ ಹೋದೀತೆಂದು ಹೆದರಿದೆ. ಇಂಥ ಕಾರಣಗಳು ಎಲ್ಲರ ಬಳಿಯೂ ಇರುತ್ತವೆ. ಅಕ್ಕ ಮುಖವನ್ನು ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ನನ್ನನ್ನು ನೋಡಿದಳು. ಇಲ್ಲ ಅನ್ನಲಿಲ್ಲ. ಒಳಗೆ ಹೋದಳು. ಅವರು ಅವಳನ್ನು ಬಿಟ್ಟು ಹೋದರು, ಫೋಟೋವನ್ನೂ.

ಅಷ್ಟೇ ನಡೆದದ್ದು. ಹೇಳಲು ಅರ್ಧ ಗಳಿಗೆ ಸಾಕು, ನನಗೆ ಐವತ್ತು ವರ್ಷ ಬೇಕಾಯಿತು.

ತಮ್ಮ ದೊಡ್ಡವನಾಗಿ ಹರಿಹರದಲ್ಲಿ ಮನೆ ಮಾಡಿದ ಮೇಲೆ ಅಕ್ಕ ಅವನ ಜೊತೆಯೇ ಬಾಳಿದಳು. ಓಣಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವಾಗ ಕತ್ತು ವಾಲಿಸಿ, ಒಂದೇ ಏಟಿಗೆ ಪೋಣಿಸುತ್ತಿದ್ದಳು. ಕ್ಯಾಮೆರಾ ಕಂಡರೆ ಅಡುಗೆಮನೆಗೆ ಹೋಗುತ್ತಿದ್ದಳು. ನಾನು ಹಬ್ಬಕ್ಕೆ, ಮದುವೆಗೆ ಹೋಗುತ್ತಿದ್ದೆ. ಊಟಕ್ಕೆ ಕೂರುವಾಗ ಅವಳ ಎಡಗಡೆಗೆ ಕೂರುತ್ತಿದ್ದೆ. ಕಾಣದ ಕಣ್ಣಿನ ಕಡೆಗೆ. ಬೇಕೆಂದೇ ಕೂರುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ. ಅವಳಿಗೆ ಇದು ಗೊತ್ತಿತ್ತೋ ಇಲ್ಲವೋ, ಪಲ್ಯ ಬಡಿಸುವಾಗ ಮಾತ್ರ ಕತ್ತು ಪೂರಾ ತಿರುಗಿಸಿ ನನ್ನ ಎಲೆ ನೋಡುತ್ತಿದ್ದಳು.

ಹೋದ ವರ್ಷದ ಹಿಂದಿನ ವರ್ಷ, ಕಾರ್ತೀಕದಲ್ಲಿ ಅಕ್ಕ ತೀರಿಕೊಂಡಳು. ಮರು ವರ್ಷದ ಮಹಾಲಯ ಅಮಾವಾಸ್ಯೆಗೆ ಅವಳನ್ನು ಹಿರಿಯರಿಗೆ ಸೇರಿಸಬೇಕಿತ್ತು. ತಮ್ಮ ತನ್ನ ಮಗಳ ಕೈಯಲ್ಲಿ, ಮನೆಯ ಗೋಡೆಗೆ ಹಾಕಿದ್ದ ಆ ಹಳೆಯ ಫೋಟೋ ಕಳಿಸಿದ, ದೊಡ್ಡದು ಮಾಡಿ ಬಣ್ಣ ಹಾಕಿಸು ಎಂದು. ಅವಳು ಅದನ್ನು ಸ್ಕ್ಯಾನರಿನ ಮೇಲಿಟ್ಟಳು. ನನ್ನ ಕುಂಚದ ಕಣ್ಣು ಪರದೆಯ ಮೇಲೆ ಅಂಗೈಯಗಲ ಅರಳಿತು. ಹತ್ತೊಂಬತ್ತರ ಹುಡುಗ ಬಿಟ್ಟ ಬೆಳಕಿನ ಚುಕ್ಕೆ ಹಾಗೇ ಇತ್ತು. ಕೆಲಸ ಚೆನ್ನಾಗಿತ್ತು, ಹಾಳಾದ್ದು.

“ಬ್ಯಾಡ,” ಅಂದೆ.

“ಏನ್ ಬ್ಯಾಡ?”

“ಇದು ಬ್ಯಾಡ. ನಿಮ್ಮತ್ತೇದು ನಿಜವಾದ ಮುಖ ಮಾಡಾನ.”

“ದೊಡ್ಡಪ್ಪ, ಅತ್ತೆದು ಬ್ಯಾರೆ ಫೋಟೋನೇ ಇಲ್ಲ. ಆಧಾರ್ ಕಾರ್ಡಿಂದು ಬರೀ ಕರೀ ನೆರಳು.”

“ಪದ ಅದಾವೆ. ನಾನು ಹೇಳ್ತೀನಿ.”

ನೋಟ್‌ಬುಕ್ಕಿನ ಹೊಸ ಪುಟ ತೆಗೆದೆ. ತಲೆಯಲ್ಲಿ ಬರೆಯಬೇಕಾದ್ದನ್ನು ಬರೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟು ಕೆಳಗಿನಿಂದ ಶುರು ಮಾಡಿದೆ.

ಹನ್ನೆರಡು ದಿನ ಹಿಡಿಯಿತು. ‘ಸಿಡುಬಿನ ಕಲೆ’ ಎಂದರೆ ಎಐ ಒಂದು ಭಯಂಕರ ರೋಗಿಷ್ಟೆಯನ್ನು ತಂದು ನಿಲ್ಲಿಸಿತು. ತಮ್ಮನ ಮಗಳು ಕಿರುಚಿ ಅಳಿಸಿದಳು. ‘ಬಿಳಿ ಕಣ್ಣು’ ಎಂದರೆ ದೆವ್ವ. ‘ಕಣದ ಧೂಳಿನ ಮೇಲೆ ಮೊದಲ ಮಳೆ ಹನಿ ಬಿದ್ದ ಹಾಗೆ ಗುಳಿ’ ಎಂದು ಬರೆಸಿದೆ. ಅಕ್ಕನ ಮುಖಕ್ಕೆ ಅದಕ್ಕಿಂತ ಸರಿಯಾದ ಮಾತು ಇಲ್ಲ. ಎಐ ಒಂದು ಕಣ ಬರೆದು, ಮಳೆ ಸುರಿಸಿ, ನಡುವೆ ಮುದುಕಿಯೊಬ್ಬಳಿಗೆ ಕೊಡೆ ಕೊಟ್ಟಿತು.

“ಕವಿತೆ ಬ್ಯಾಡ ದೊಡ್ಡಪ್ಪ,” ಎಂದು ಅವಳು ನಕ್ಕಳು. “ನೀನೇ ಹೇಳಿದ್ದಲ್ಲ, ಕಾಣೋದು ಬರಿ ಅಂತ.”

ಆಮೇಲೆ ಇನ್ನೊಂದು ತೊಡಕು. ಕಲೆ ಎಂದು ಎಷ್ಟು ಸಲ ಬರೆದರೂ ಅದು ಮೆತ್ತಗೆ ಮುಖ ಒರೆಸಿ, ನಯ ಮಾಡಿ ಕೊಡುತ್ತಿತ್ತು. ಕೇಳದಿದ್ದರೂ ಟಚಿಂಗ್ ಮಾಡುತ್ತಿತ್ತು! ಪರದೆಯೊಳಗೆ ಹತ್ತೊಂಬತ್ತು ವರ್ಷದ ನಾನೇ ಕೂತು ಪೆನ್ಸಿಲು ಮೊನೆ ಮಾಡುತ್ತಿದ್ದೇನೆ ಅನ್ನಿಸಿ ಮೈ ಉರಿಯಿತು. “ನಿನ್ನ ಸೊಕ್ಕು ನಂಗೊತ್ತೈತೆ ಮಗನೆ,” ಎಂದು ಗಟ್ಟಿಯಾಗಿ ಬೈದೆ. ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

ಕೊನೆಗೆ ಹಳೆಯ ಕಸುಬೇ ದಾರಿ ತೋರಿಸಿತು. ಸ್ಟುಡಿಯೋದಲ್ಲಿ ಮುಖದ ಗುಳಿ ಮುಚ್ಚಬೇಕಾದರೆ ದೀಪವನ್ನು ಎದುರಿಗೆ ಇಡುತ್ತಿದ್ದೆವು. ಎದುರು ಬೆಳಕಿನಲ್ಲಿ ಗುಳಿಗೆ ನೆರಳಿರುವುದಿಲ್ಲ. ಹಾಗಾದರೆ ಗುಳಿ ತೋರಬೇಕಾದರೆ? ‘ಬಲಗಡೆಯ ಕಿಟಕಿಯಿಂದ ಬೀಳುವ ಬೆಳಗಿನ ಬೆಳಕು’ ಎಂದು ಬರೆಸಿದೆ. ಅದನ್ನೇ ಮೊದಲಿಗೆ ಇಟ್ಟೆ. ಆಮೇಲೆ ‘ಎಪ್ಪತ್ತು ದಾಟಿದ ಹೆಂಗಸು, ರವಿಕೆ ಹೊಲಿಯುವವಳು. ಕೆನ್ನೆಯಲ್ಲಿ, ಹಣೆಯಲ್ಲಿ ಹಳೆಯ, ಮಾಗಿದ, ಸಣ್ಣ ಗುಳಿಗಳು. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಹಾಲುಬಿಳುಪಿನ ಒಂದು ಚುಕ್ಕೆ. ಮುಖ ಚೂರು ಎಡಕ್ಕೆ ತಿರುಗಿದೆ, ಬಲಗಣ್ಣು ನೇರ ನಮ್ಮನ್ನು ನೋಡುತ್ತಿದೆ. ತುಟಿ ಮುಚ್ಚಿದೆ. ರವಿಕೆಯ ಎದೆಯಲ್ಲಿ ಸಿಕ್ಕಿಸಿದ ಒಂದು ಸೂಜಿ, ಅದರಲ್ಲಿ ಬಿಳಿ ದಾರ.’ ಎಡ ಯಾವುದು ಬಲ ಯಾವುದು ಎಂದು ಅದಕ್ಕೂ ನಮಗೂ ಇನ್ನೂ ಎರಡು ದಿನ ಕುಸ್ತಿ ನಡೆಯಿತು. ಕಣ್ಣಿನ ಆ ಬಿಳಿ ಹೂವನ್ನು ಪದೇ ಪದೇ ಬಲಗಣ್ಣಿಗೆ ಇಡುತ್ತಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಅಕ್ಕ ಬಂದಳು. ಮೂಗು ಅಷ್ಟು ಸರಿಯಿಲ್ಲ, ಕಿವಿ ಯಾರದೋ. ಆದರೆ ಆ ನೋಟ ಅವಳದು. ಜಗಲಿಯ ಬಾಗಿಲಿಂದ ನನ್ನನ್ನು ನೋಡಿದ ನೋಟ.

ತಮ್ಮನ ಮಗಳು ಪರದೆಯ ಹತ್ತಿರ ಬಗ್ಗಿ ಆ ಮುಖವನ್ನು ನೋಡಿದಳು. ಆಮೇಲೆ ಕೇಳಿದಳು: “ನಾನು ಅತ್ತೆ ಜೊತೆ ಒಂದೇ ಮನ್ಯಾಗೆ ಬೆಳದಾಕಿ. ನಂಗೇ ಇಷ್ಟು ನೆನಪಿಲ್ಲ. ನಿಂಗೆ ಹೆಂಗೆ ದೊಡ್ಡಪ್ಪ?”

“ಹರಿಹರಕ್ಕೆ ನಡಿ, ಅಲ್ಲೇ ಹೇಳ್ತೀನಿ,” ಅಂದೆ.

ಹಬ್ಬಕ್ಕೆ ಎರಡು ದಿನ ಮೊದಲು ಫ್ರೇಮು ಹಾಕಿಸಿದ ಚಿತ್ರ ಹಿಡಿದು ಇಬ್ಬರೂ ಬಸ್ಸಿನಲ್ಲಿ ಹೋದೆವು. ಹಳೆಯ ಫೋಟೋ ವಾಪಸು ಬಂದು ಗೋಡೆಯ ಮೇಲಿತ್ತು. ತಮ್ಮ ಹೊಸ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಅಕ್ಕನೇ,” ಅಂದ. “ಆದ್ರ ಬ್ಯಾಡ ಅಣ್ಣ.”

“ಯಾಕ?”

“ಆ ಫೋಟೋ ಅಕ್ಕ ಆಸೆಪಟ್ಟು ಮಾಡಿಸ್ಕಂಡಿದ್ದು. ಇರೋತನಕ ಎಲ್ರೂ ಅದಕ್ಕೇ ಅಂದ್ರು, ಆಡಿದ್ರು. ಸತ್ತ ಮ್ಯಾಲಾದ್ರೂ ಎರಡು ಕಣ್ಣು ಇದ್ದಂಗೆ ಇರ್ಲಿ ಬಿಡು. ಅದೂ ಅಲ್ದೆ, ಅಲ್ಲಿ ಅಕ್ಕ ಕ್ಯಾಮೆರಾ ಮುಂದೆ ಕುಂತಿದ್ಲು. ಇಲ್ಲಿ ಯಾರು ಕುಂತಿದ್ರು? ಮಷೀನು ಬರದದ್ದು ಇದು. ಯಾವುದು ಸುಳ್ಳು, ನೀನೇ ಹೇಳು.”

ಅದಕ್ಕೆ ನನ್ನ ಬಳಿ ಒಂದೇ ಉತ್ತರವಿತ್ತು.

“ಅಕ್ಕ ಮಾಡು ಅಂದಿರ್ಲಿಲ್ಲ. ಇದ್ದಂಗೇ ಇರ್ಲಿ ಅಂದಿದ್ಲು. ಜಗಲಿ ಮ್ಯಾಲೆ ನಾನು ಸುಳ್ಳು ಹೇಳ್ದೆ.”

ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ತಮ್ಮ ಚಿತ್ರವನ್ನು ಮಂಚದ ಮೇಲಿಟ್ಟ. ಅವನಿಗೂ ಅರವತ್ತೆಂಟು. ಜಗಲಿಯ ದಿನ ಅವನು ಹದಿನಾಲ್ಕರ ಹುಡುಗ, ಅಪ್ಪನ ಬೆನ್ನ ಹಿಂದೆ ನಿಂತಿದ್ದ.

“ಇನ್ನೊಂದ್ ಸಲ ಹೇಳು.”

ಹೇಳಿದೆ. ಪೂರಾ ಹೇಳಿದೆ, ಸೋದರಮಾವನ ಮಾತನ್ನೂ ಸೇರಿಸಿ.

“ನಾನೂ ಅಂದೀನಲ್ಲೋ!” ಎಂದ ತಮ್ಮ. ನನಗೆ ‘ಲೋ’ ಎಂದದ್ದು ಅದೇ ಮೊದಲು. “ಮಗಳ ಮದುವಿ ಮಾತುಕತಿಯಾಗೆ ಅಕ್ಕ ಏನೋ ಬುದ್ಧಿ ಹೇಳಾಕ ಬಂದ್ಲು. ಮೋಸದ ಫೋಟೋ ಕಳ್ಸಿದಾಕಿ ನೀನು, ಒಳಗ ನಡಿ ಅಂದೆ. ಹೋದ್ಲು. ಸುಮ್ನೆ ಹೋದ್ಲು. ಆ ಪಾಪ ನಂಗೂ ಹಚ್ಚಿದೆಲ್ಲೋ ನೀನು!”

ತಮ್ಮನ ಮಗಳು ನನ್ನನ್ನು ನೋಡಲಿಲ್ಲ. ಎದ್ದು ಹಿತ್ತಲಿಗೆ ಹೋದಳು.

ಆಗ ತಮ್ಮನ ಹೆಂಡತಿ ಮಾತಾಡಿದಳು. “ಭಾವ, ಆ ಫೋಟೋ ಗ್ವಾಡಿಗೆ ಹಾಕಿದ್ದು ಇವ್ರು. ಅಕ್ಕಾರಲ್ಲ. ಬಂದವ್ರು ಯಾರಾದ್ರೂ ‘ನಿಂದೇನವ್ವ ಇದು’ ಅಂದ್ರೆ ಅಕ್ಕಾರು, ‘ನಂದಲ್ಲ, ನಮ್ ತಮ್ಮಂದು’ ಅಂತಿದ್ರು. ನೀವು ಮಾಡಿದ್ದು ಅಂತ ಹೆಮ್ಮಿಂದ ಹೇಳ್ತಾರೆ ಅಂದ್ಕಂಡಿದ್ದೆ.”

ಎಲ್ಲರಿಗೂ ಹೇಳಿದ್ದಾಳೆ. ಇಷ್ಟು ವರ್ಷ, ಬಂದ ನೆಂಟರಿಗೆಲ್ಲ ನಿಜವನ್ನೇ ಹೇಳಿದ್ದಾಳೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ನಾನು ಸ್ಟೂಲು ಎಳೆದು, ಹತ್ತಿ, ಹಳೆಯ ಫೋಟೋಗೆ ಕೈ ಹಾಕಿದೆ. ತಮ್ಮ ಬಂದು ನನ್ನ ಮೊಣಕೈ ಹಿಡಿದ.

“ಇಳಿ. ಮುಟ್ಟಬ್ಯಾಡ. ನೀನು ಮುಟ್ಟಿದ್ದೇ ಸಾಕು. ಯಾವುದೂ ಬ್ಯಾಡ, ಬರೀ ಕಳಸ ಇಡ್ತೀನಿ.”

“ಹೊಡಿ ಬೇಕಾದ್ರೆ. ಅಪ್ಪ ಹೊಡೀಬೇಕಿತ್ತು, ನೀನು ಹೊಡಿ. ಆದ್ರ ಬರೀ ಕಳಸಕ್ಕೆ ಬ್ಯಾಡ. ಮುಖ ಇಲ್ದಂಗೆ ಕುಂದ್ರಿಸಿದ್ದು ಸಾಕು ಅವಳ್ನ. ಮಷೀನು ಬರದದ್ದು ಅಂದೆ, ಹೌದು. ಕಿವಿ ಅವಳದಲ್ಲ. ಆದ್ರ ಅದಕ್ಕೆ ಹೇಳಿಕೊಟ್ಟ ಮಾತಿನಾಗೆ ಒಂದೂ ಸುಳ್ಳಿಲ್ಲ. ಅದಕ್ಕೆ ನಾನು ಸಾಕ್ಷಿ. ನಾನು ಹೇಳಿದ ಸಾಕ್ಷಿ ಒಂದು ಕೆಟ್ಟಿತ್ತು, ಇದು ಕೆಡಾಕ ಬಿಡಲ್ಲ.”

ಅವನು ಮಂಚದ ಮೇಲಿನ ಚಿತ್ರದ ಕಡೆ ತಿರುಗಿ ನೋಡಿದ. ಕೊನೆಗೆ ಅವನು ಕೈ ಬಿಟ್ಟು ಹೊರಗೆ ಹೋದ. ಹಿತ್ತಲಿಂದ ಬಂದ ತಮ್ಮನ ಮಗಳು ಸ್ಟೂಲು ಹಿಡಿದುಕೊಂಡಳು. ಹೊಸ ಚಿತ್ರ ಅದೇ ಮೊಳೆಗೆ ಕೂತಿತು.

ಹಬ್ಬದ ದಿನ ತಮ್ಮ ಎಡೆ ಇಟ್ಟ, ಚಿತ್ರದ ಮುಂದೆ ಹೊಸ ಸೀರೆ ಇಟ್ಟ. ನನ್ನ ಕಡೆ ನೋಡಲಿಲ್ಲ, ಊಟಕ್ಕೆ ಬಾ ಅನ್ನಲಿಲ್ಲ. ಕರೆಯದಿದ್ದರೂ ಹೋಗಿ ಕೂತೆ. ಈ ಸಲ ಚಿತ್ರದ ಬಲಗಣ್ಣು ನೇರ ಬೀಳುವ ಜಾಗ ಹುಡುಕಿ ಕೂತೆ. ಎಲೆ ಖಾಲಿಯಾಗುವವರೆಗೆ ಏಳಲಿಲ್ಲ.

ತಮ್ಮ ಇನ್ನೂ ಮಾತು ಬಿಟ್ಟಿದ್ದಾನೆ. ಬಿಡಲಿ, ಅದು ಅವನ ಹಕ್ಕು. ಅವನ ಮಗಳು ಅಂಗಡಿಗೆ ಬಾ ಎನ್ನುತ್ತಾಳೆ, ಮೊದಲಿನಷ್ಟು ನಗುವುದಿಲ್ಲ. ಹೇಳಿಕೊಂಡೆಯಲ್ಲ, ಇನ್ನು ಹಗುರಾಯಿತು ಬಿಡು ಎಂದು ಪರಿಚಯದವರೊಬ್ಬರು ಅಂದರು. ಹಗುರಾಗಿಲ್ಲ. ಹಗುರಾಗಲು ಹೇಳಿದ್ದೂ ಅಲ್ಲ. ಹಳೆಯ ಫೋಟೋವನ್ನು ನಾನು ತಂದು ನನ್ನ ಮಂಚದ ಎದುರು ಹಾಕಿಕೊಂಡಿದ್ದೇನೆ. ಅವಳೇ ಹೇಳಿದ್ದಳಲ್ಲ, ಅದು ತಮ್ಮನದು ಎಂದು. ನನ್ನದನ್ನು ನಾನು ನೋಡಿಕೊಳ್ಳಬೇಕು. ಎದ್ದ ಕೂಡಲೆ ಆ ಬೆಳಕಿನ ಚುಕ್ಕೆ ಕಾಣುತ್ತದೆ.

ಇಷ್ಟು ಬರೆದಾದ ಮೇಲೆ ನೋಟ್‌ಬುಕ್ ತೆಗೆದೆ. ಬೆಳಗಿನ ಬೆಳಕು, ಹಾಲುಬಿಳುಪಿನ ಚುಕ್ಕೆ, ಸೂಜಿ, ಬಿಳಿ ದಾರ ಎಲ್ಲವೂ ಪುಟದಲ್ಲಿ ಇದ್ದವು, ತಲೆಯ ಸಾಲು ಮಾತ್ರ ಖಾಲಿ. ಯಾರ ಬಳಿ ನಾನು ತಪ್ಪಾಯಿತು ಎಂದು ಒಮ್ಮೆಯೂ ಹೇಳಲಿಲ್ಲವೋ, ಅವರು ನನಗೆ ಏನಾಗಬೇಕು ಎಂದು ಅಲ್ಲಿ ಬರೆದೆ.

ಅಕ್ಕ.